ಹದಿನಾಲ್ಕನೇ ವಿಷಯ

ಗಡಿಯಲ್ಲಿ ಯುದ್ಧ ಶುರುವಾದ ಮೂರನೇ ದಿನ, ಶುಕ್ರವಾರ, ಚನ್ನಗಿರಿಯಲ್ಲಿ ಕೇಂದ್ರ ಬ್ಯಾಂಕಿನ ಆಡಳಿತ ಮಂಡಳಿಯ ಸಭೆ ಇತ್ತು. ಕೇಂದ್ರ ಬ್ಯಾಂಕು ಅಂದ ತಕ್ಷಣ ಮುಂಬಯಿಯಲ್ಲಿ ಕೂತು ನೋಟಿಗೆ ಸಹಿ ಹಾಕುವ ಬ್ಯಾಂಕು ಅಂದುಕೊಂಡುಬಿಟ್ಟೀರಿ. ಅಷ್ಟು ದೊಡ್ಡವರ ಸುದ್ದಿ ನಮಗೆ ಬೇಡ. ಇದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕಿನ ಹಳ್ಳಿ ಸಂಘಗಳು ಸೇರಿ ಕಟ್ಟಿಕೊಂಡ ಕೇಂದ್ರ ಸಹಕಾರ ಬ್ಯಾಂಕು. ಒಂಬತ್ತು ಶಾಖೆ, ಹದಿಮೂರು ನಿರ್ದೇಶಕರು, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಮಹಡಿ ಕಟ್ಟಡ, ಆ ಮಹಡಿಯ ಮೇಲೆ ಒಂದು ಉದ್ದನೆಯ ಮೇಜು. ಹೊರಗೆ ಲೋಕ ತಲೆಕೆಳಗಾದರೂ ತಿಂಗಳ ಎರಡನೇ ಶುಕ್ರವಾರ ಹನ್ನೊಂದು ಗಂಟೆಗೆ ಆ ಮೇಜಿನ ಸುತ್ತ ಸಭೆ ಸೇರಲೇಬೇಕು.

ಆ ಮೇಜಿನ ಕೊನೆಯ ಕುರ್ಚಿಯಲ್ಲಿ ಕೂತು ನಡವಳಿ ಬರೆಯುವವನು ಗಾದ್ರಪ್ಪ. ಜಗಳೂರು ಕಡೆಯವನು. ಇಪ್ಪತ್ತೊಂಬತ್ತು ವರ್ಷದಿಂದ ಚನ್ನಗಿರಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಸಭಾ ಗುಮಾಸ್ತನ ಕೆಲಸ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ವಿಷಯಪಟ್ಟಿ ತಯಾರಿಸುವುದು, ಸಭೆಗೆ ಏಳು ದಿನ ಮುಂಚೆ ಅದನ್ನು ನಿರ್ದೇಶಕರಿಗೆ ಕಳಿಸುವುದು, ಸಭೆಯಲ್ಲಿ ಒಂದೊಂದೇ ವಿಷಯ ಓದುವುದು, ಅವರು ಹೂಂ ಅಂದರೆ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಅಂತ ಬರೆಯುವುದು, ಉಹೂಂ ಅಂದರೆ ‘ಮುಂದಿನ ಸಭೆಗೆ ಮುಂದೂಡಲಾಯಿತು’ ಅಂತ ಬರೆಯುವುದು. ‘ತಿರಸ್ಕರಿಸಲಾಯಿತು’ ಅಂತ ಅವನು ಬರೆದದ್ದು ಇಷ್ಟು ವರ್ಷದಲ್ಲಿ ಮೂರೋ ನಾಲ್ಕೋ ಸಲ. ನಮ್ಮ ಜನ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವುದಿಲ್ಲ ನೋಡಿ, ಮುಂದೂಡುತ್ತಾರೆ.

ಗಾದ್ರಪ್ಪನಿಗೆ ತಾನೇ ಹಾಕಿಕೊಂಡ ಒಂದು ನಿಯಮವಿತ್ತು. ತನ್ನ ಮನೆಯವರಿಗೆ, ನೆಂಟರಿಗೆ, ತನ್ನ ಊರಿನವರಿಗೆ ಸಂಬಂಧಪಟ್ಟ ವಿಷಯ ಯಾವುದೇ ಬರಲಿ, ಅದನ್ನು ಪಟ್ಟಿಯ ಕಟ್ಟಕಡೆಗೆ ಹಾಕುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನ ಚಿಕ್ಕಪ್ಪನ ಮಗನ ಸಾಲದ ಅರ್ಜಿ ಮೂರನೇ ವಿಷಯವಾಗಿ ಬಂದಿತ್ತು. ಅದು ಬಂದ ತಾರೀಕಿನ ಪ್ರಕಾರವೇ ಬಂದದ್ದು, ಅವನೇನೂ ಮಸಲತ್ತು ಮಾಡಿರಲಿಲ್ಲ. ಆದರೆ ಆಗಿನ ನಿರ್ದೇಶಕರೊಬ್ಬರು ಎಲ್ಲರೆದುರಿಗೆ ನಗುತ್ತ, ಪಟ್ಟಿ ಬರೆಯುವವನ ಕೈಯಲ್ಲೇ ಪೆನ್ನು ಇದೆಯಲ್ಲ, ಇನ್ನೇನು ಅಂದುಬಿಟ್ಟರು. ಎಲ್ಲರೂ ನಕ್ಕರು. ಗಾದ್ರಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಡವರ ಮನೆಯಿಂದ ಬಂದು, ತನ್ನ ಕೇರಿಯಲ್ಲಿ ಮೊದಲು ಆಫೀಸಿನ ಕುರ್ಚಿ ಕಂಡವನು ಅವನು. ಆ ಕುರ್ಚಿಗೆ ಯಾರೂ ಬೆರಳು ತೋರಿಸಬಾರದು ಅಂತ ಅಂದೇ ನಿಶ್ಚಯ ಮಾಡಿದ.

ನಿಯಮವೇನೋ ಒಳ್ಳೆಯದೇ. ಆದರೆ ಈ ಬ್ಯಾಂಕಿನಲ್ಲಿ ಕೊನೆಯ ವಿಷಯ ಅಂದರೆ ಏನು ಗೊತ್ತೇ? ಸಭೆ ಹನ್ನೊಂದಕ್ಕೆ ಅಂತ ಇದ್ದರೂ ಶುರುವಾಗುವುದು ಹನ್ನೊಂದೂವರೆಗೆ. ಒಂದೂವರೆಗೆ ಊಟ. ಊಟ ಭರ್ಜರಿ, ಅದರಲ್ಲಿ ಎರಡು ಮಾತಿಲ್ಲ. ಊಟ ಮುಗಿಯುತ್ತಲೇ ಜಗಳೂರಿನವರು ದಾವಣಗೆರೆ ಮುಟ್ಟಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕು ಅಂತ ಏಳುತ್ತಾರೆ. ಅವರ ಹಿಂದೆ ನ್ಯಾಮತಿಯವರು. ಅಲ್ಲಿಗೆ ಸಭೆಗೆ ಬೇಕಾದಷ್ಟು ತಲೆ ಇರುವುದಿಲ್ಲ. ಹತ್ತನೇ ವಿಷಯದಿಂದಾಚೆಗೆ ಇರುವುದೆಲ್ಲ ಕೋರಂ ಇಲ್ಲವೆಂದು ಮುಂದಕ್ಕೆ ಹೋಗುತ್ತದೆ. ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಗಾದ್ರಪ್ಪನಿಗೇ.

ಅವನ ಒಬ್ಬಳೇ ಮಗಳು ದುರ್ಗಾಂಬಿಕಾಳನ್ನು ಜಗಳೂರಿಗೆ ಕೊಟ್ಟಿದ್ದ. ಅಳಿಯ ಪ್ರದೀಪ್ ಮಿಲಿಟರಿಯವನು. ಒಳ್ಳೆಯ ಹುಡುಗ, ಮಾವ ಎದುರಿಗೆ ಬಂದರೆ ಇವತ್ತಿಗೂ ಎದ್ದು ನಿಲ್ಲುತ್ತಿದ್ದ. ಅವರಿಗೆ ಆರು ವರ್ಷದ ಮಗಳು ಚೈತ್ರಶ್ರೀ. ಹದಿನೇಳು ವರ್ಷದ ಸೇವೆ ಮುಗಿಯುತ್ತ ಬಂದಿತ್ತು. ಬೇಕಾದರೆ ಬಿಟ್ಟು ಬರಬಹುದು, ಇಲ್ಲವೇ ಇನ್ನೆರಡು ವರ್ಷ ಇರುತ್ತೇನೆ ಅಂತ ಜನವರಿ ಕೊನೆಯೊಳಗೆ ಬರೆದುಕೊಡಬೇಕು. ಬಿಟ್ಟು ಬರಲು ಅವನಿಗೆ ಆಸೆ. ಮಗಳು ಹುಟ್ಟಿದ ಮೇಲೆ ಅವಳ ಒಂದು ಹುಟ್ಟಿದಹಬ್ಬಕ್ಕೂ ಅವನು ಮನೆಯಲ್ಲಿ ಇರಲಿಲ್ಲ. ಅದೇ ಹೊತ್ತಿಗೆ ಬ್ಯಾಂಕಿನ ಹೊನ್ನಾಳಿ ಶಾಖೆಗೆ ಮಾಜಿ ಸೈನಿಕರಿಂದ ಒಬ್ಬ ಕಾವಲುಗಾರ ಬೇಕೆಂದು ಪತ್ರಿಕೆಯಲ್ಲಿ ಬಂತು, ಸದ್ಯದಲ್ಲೇ ಬಿಡುವವರೂ ಅರ್ಜಿ ಹಾಕಬಹುದು ಅಂತಿತ್ತು. ಪ್ರದೀಪ್ ಹಾಕಿದ. ಪರೀಕ್ಷೆ, ಸಂದರ್ಶನ ಎಲ್ಲಾ ನಡೆದು ಅವನ ಹೆಸರೇ ಮೊದಲು ಬಂತು. ಗಾದ್ರಪ್ಪ ಆ ಸಂದರ್ಶನದ ದಿನ ರಜೆ ಹಾಕಿ ಮನೆಯಲ್ಲಿ ಕೂತಿದ್ದ. ಇನ್ನು ಉಳಿದದ್ದು ಮಂಡಳಿಯ ಒಪ್ಪಿಗೆ ಒಂದೇ.

ನವೆಂಬರಿನಲ್ಲಿ ಆ ವಿಷಯ ಹದಿನಾಲ್ಕನೆಯದು. ಮುಂದೂಡಿದರು. ಡಿಸೆಂಬರಿನಲ್ಲಿ ಹದಿನಾಲ್ಕನೆಯದು. ಮುಂದೂಡಿದರು. ಜನವರಿಯಲ್ಲೂ ಪಟ್ಟಿ ಬರೆಯುವಾಗ ಗಾದ್ರಪ್ಪನ ಕೈ ಒಂದು ಗಳಿಗೆ ನಿಂತಿತು, ನಾಲ್ಕನೇ ಸಾಲಿನಲ್ಲಿ ಜಾಗವಿತ್ತು. ಆದರೆ ಆ ಹಳೆಯ ನಗು ಕಿವಿಯಲ್ಲಿ ಕೇಳಿಸಿ ಮತ್ತೆ ಕೊನೆಗೇ ಬರೆದ. ಅಂದು ಸಂತೇಬೆನ್ನೂರು ಶಾಖೆಯ ಸೋರುವ ಛಾವಣಿಗೆ ತಗಡೋ ಕಾಂಕ್ರೀಟೋ ಅಂತ ಒಂದೂವರೆ ತನಕ ವಾದ ನಡೆಯಿತು. ಊಟಕ್ಕೆ ಎದ್ದವರು ಮತ್ತೆ ಕೂರಲಿಲ್ಲ.

ಪ್ರದೀಪ್ ಕೈಯಲ್ಲಿ ಆದೇಶವಿಲ್ಲದೆ ಬಿಟ್ಟು ಬರುವುದು ಹೇಗೆ? ಎರಡು ವರ್ಷಕ್ಕೆ ಬರೆದುಕೊಟ್ಟ. ಆದೇಶ ಬಂದರೆ ಅರ್ಜಿ ಹಾಕಿ ನಡುವೆಯೇ ಬಿಡಿಸಿಕೊಂಡು ಬರಬಹುದು ಮಾವ, ತಲೆ ಕೆಡಿಸಿಕೊಳ್ಳಬೇಡಿ ಅಂತ ಅವನೇ ಫೋನು ಮಾಡಿ ಸಮಾಧಾನ ಹೇಳಿದ. ಗಾದ್ರಪ್ಪ, ಬೋರ್ಡಿನವರು ಮತ್ತೆ ಮುಂದಕ್ಕೆ ಹಾಕಿದರಪ್ಪ ಅಂದ. ಅದು ಸುಳ್ಳಲ್ಲ. ಅರ್ಧ ಮಾತ್ರ ನಿಜ. ಫೆಬ್ರವರಿ ಹೀಗೇ ಹೋಯಿತು, ಮಾರ್ಚಿನಲ್ಲಿ ವರ್ಷಾಂತ್ಯದ ಗಡಿಬಿಡಿಯೆಂದು ಸಭೆಯೇ ಇಲ್ಲ, ಏಪ್ರಿಲ್‌ನಲ್ಲಿ ಮತ್ತೆ ಕೋರಂ ಇಲ್ಲ.

ಏಪ್ರಿಲ್ ಕೊನೆಗೆ ಟಿವಿಯಲ್ಲಿ ಯುದ್ಧ, ಯುದ್ಧ ಅನ್ನತೊಡಗಿದರು. ಪ್ರದೀಪನ ತುಕಡಿಯನ್ನು ಗಡಿಯ ಹತ್ತಿರ ಕಳಿಸಿದರಂತೆ. ಗಾದ್ರಪ್ಪನಿಗೆ ಅನ್ನ ಇಳಿಯದಾಯಿತು. ಮೇ ತಿಂಗಳ ಪಟ್ಟಿ ಬರೆಯಲು ಕೂತ ದಿನ ಇಪ್ಪತ್ತೊಂಬತ್ತು ವರ್ಷದ ನಿಯಮವನ್ನು ಗಾಳಿಗೆ ತೂರಿ, ಹಿಂದಿನ ನಡವಳಿಯ ದೃಢೀಕರಣದ ಕೆಳಗೇ, ಎರಡನೇ ವಿಷಯವಾಗಿ, ಅಳಿಯನ ನೇಮಕಾತಿ ಬರೆದ. ಬರೆದು ಅಂಚೆಗೆ ಹಾಕುವ ತನಕ ಯಾರಾದರೂ ನೋಡಿಯಾರು ಅಂತ ಹಾಳೆಯನ್ನು ಮಗುಚಿ ಇಟ್ಟುಕೊಂಡಿದ್ದ. ಬೆರಳು ತೋರಿಸುವವರು ತೋರಿಸಲಿ, ಹುಡುಗ ಮನೆಗೆ ಬಂದರೆ ಸಾಕು ಅಂದುಕೊಂಡ. ಅಷ್ಟರಲ್ಲಿ ಯುದ್ಧ ಶುರುವಾಗಿಯೇ ಬಿಟ್ಟಿತು.

ಸರಿ, ಆ ಶುಕ್ರವಾರಕ್ಕೆ ಬರೋಣ. ಪ್ರದೀಪನ ಫೋನು ನಾಲ್ಕು ದಿನದಿಂದ ಆಫ್ ಆಗಿತ್ತು. ನಿರ್ದೇಶಕರೆಲ್ಲ ಅಂದು ಹನ್ನೊಂದಕ್ಕೆ ಮುಂಚೆಯೇ ಬಂದು ಕೂತಿದ್ದರು, ಅದೇ ಒಂದು ಆಶ್ಚರ್ಯ. ಎಲ್ಲರ ಬಾಯಲ್ಲೂ ವಿಮಾನ, ಡ್ರೋನು, ಕ್ಷಿಪಣಿ. ನ್ಯಾಮತಿಯ ನಿರ್ದೇಶಕ ರಂಗನಾಥ್ ತಾನೇ ಕಣ್ಣಾರೆ ಕಂಡು ಬಂದವನ ಹಾಗೆ ಯಾವ ವಿಮಾನ ಎಲ್ಲಿಂದ ಹಾರಿತು ಅಂತ ಕಾಫಿ ಲೋಟದಿಂದ ಮೇಜಿನ ಮೇಲೆ ತೋರಿಸುತ್ತಿದ್ದ. ಅಧ್ಯಕ್ಷ ಜುಂಜಪ್ಪನವರು ಹೊನ್ನಾಳಿಯವರು, ಹಿರಿಯರು, ದೊಡ್ಡ ದನಿ. ಅಂಗಿಗೆ ಪುಟ್ಟದೊಂದು ಬಾವುಟ ಚುಚ್ಚಿಕೊಂಡು ಬಂದಿದ್ದರು. ಯುದ್ಧವಿದ್ದರೂ ರೈತರ ಕೆಲಸ ನಿಲ್ಲಬಾರದು, ಸಭೆ ನಡೆಸುವುದೇ ನಮ್ಮ ದೇಶಸೇವೆ ಅಂದರು. ಎಲ್ಲರೂ ಮೇಜು ತಟ್ಟಿದರು.

ಪಟ್ಟಿ ಅಂಚೆಗೆ ಹೋದಾಗ ಯುದ್ಧ ಇರಲಿಲ್ಲವಲ್ಲ, ಹಾಗಾಗಿ ಹದಿನಾಲ್ಕು ವಿಷಯಗಳಲ್ಲಿ ಯುದ್ಧದ ಹೆಸರೇ ಇಲ್ಲ. ಕೆರೆಬಿಳಚಿ ಶಾಖೆಗೆ ಇನ್ವರ್ಟರ್, ನಲ್ಲೂರು ಸಂಘದ ಗೊಬ್ಬರದ ಗೋದಾಮು, ಇಂಥವೇ. ಅಧ್ಯಕ್ಷರ ಅಪ್ಪಣೆಯ ಮೇರೆಗೆ ಸೈನಿಕರಿಗೆ ಅಭಿನಂದನೆಯ ಠರಾವು ಮೊದಲು ಬಂತು. ಅದರಲ್ಲಿ ಶೌರ್ಯ ಅಂತ ಇರಬೇಕೋ ಪರಾಕ್ರಮ ಅಂತ ಇರಬೇಕೋ ಎಂಬುದಕ್ಕೇ ಕಾಲು ಗಂಟೆ ಹಿಡಿಯಿತು. ಕೊನೆಗೆ ಎರಡನ್ನೂ ಬರೆಸಿದರು. ಒಬ್ಬರು ನಮ್ಮ ಇವತ್ತಿನ ಸಭಾ ಭತ್ಯೆಯನ್ನು ಸೈನಿಕರ ನಿಧಿಗೆ ಕೊಟ್ಟುಬಿಡೋಣ ಅಂದರು. ಎಲ್ಲರೂ ಕಾಫಿ ಲೋಟಕ್ಕೆ ಕೈ ಹಾಕಿದರು. ಅದನ್ನು ಮುಂದಿನ ಸಭೆಯಲ್ಲಿ ವಿಚಾರ ಮಾಡೋಣ ಅಂತ ಅಧ್ಯಕ್ಷರು ಹೇಳಿದರು, ಗಾದ್ರಪ್ಪ ಹಾಗೇ ಬರೆದುಕೊಂಡ.

ಹಿಂದಿನ ನಡವಳಿ ದೃಢವಾಯಿತು. ಎರಡನೇ ವಿಷಯ ಓದುವಾಗ ಗಾದ್ರಪ್ಪನ ದನಿ ತನಗೇ ಕೇಳಿಸದಷ್ಟು ಸಣ್ಣದಾಯಿತು. ಓದಿ ಮುಗಿಸುತ್ತಲೇ ರಂಗನಾಥ್ ತಲೆ ಎತ್ತಿದ.

“ಗಾದ್ರಪ್ಪಾರೆ, ಇದು ಯಾವಾಗ್ಲೂ ಕೊನೇಗಿರ್ತಿತ್ತಲ್ರಿ. ಮೇಲಕ್ಕೆ ಹೆಂಗೆ ಬಂತು?”

ಗಾದ್ರಪ್ಪನಿಗೆ ಮುಖವೆಲ್ಲ ಬಿಸಿಯಾಯಿತು. ಅವನು ಪಟ್ಟಿಯ ಹಾಳೆ ತಿರುವಿದ. ಮ್ಯಾನೇಜರ್ ಸಾಹೇಬರು ಒಳ್ಳೆಯವರೇ, ಆದರೆ ಕಾಗದ ಬಿಟ್ಟು ಆಚೆ ನೋಡದವರು. ಅವರು ಒಂದು ಸುತ್ತೋಲೆ ತೆಗೆದು ಓದಿದರು. ಯುದ್ಧ ಪರಿಸ್ಥಿತಿಯಲ್ಲಿ ಎಲ್ಲ ಶಾಖೆಗಳಿಗೂ ತಕ್ಷಣ ಕಾವಲುಗಾರರಿರಬೇಕು ಅಂತ ಮೇಲಿನಿಂದ ಬಂದಿತ್ತು. ಮೊದಲ ಹೆಸರಿನ ಅಭ್ಯರ್ಥಿ ಈಗ ಯುದ್ಧದಲ್ಲಿರುವುದರಿಂದ ಬರುವ ಹಾಗಿಲ್ಲ, ಎರಡನೇ ಹೆಸರಿನವರು ಸೋಮವಾರವೇ ಬರಲು ತಯಾರಿದ್ದಾರೆ, ಅವರಿಗೆ ಕೊಡುವುದು ಸೂಕ್ತ ಅಂದರು. ಅದಕ್ಕೂ ಹಲವರು ತಲೆಯಾಡಿಸಿದರು. ನ್ಯಾಯವಾಗಿಯೇ ಕೇಳಿಸಿತು ಅವರಿಗೆ. ಆರು ತಿಂಗಳು ಮುಂದೂಡಿ ಮುಂದೂಡಿ ಹುಡುಗನನ್ನು ಅಲ್ಲೇ ಉಳಿಸಿದ್ದೂ ಇವರೇ, ಈಗ ಅವನು ಅಲ್ಲಿದ್ದಾನೆ ಅಂತ ಕೆಲಸ ತಪ್ಪಿಸುವುದೂ ಇವರೇ. ಗಾದ್ರಪ್ಪನ ಪೆನ್ನು ಕಾಗದದ ಮೇಲೆ ನಿಂತಿತ್ತು. ಆ ಠರಾವನ್ನೂ ಅವನೇ ಬರೆಯಬೇಕಾಗಿತ್ತು.

ಆಗ ಜಗಳೂರಿನ ತಿಪ್ಪಮ್ಮ ಬಾಯಿಬಿಟ್ಟಳು. ಮಹಿಳಾ ಸ್ಥಾನದಿಂದ ಬಂದ ನಿರ್ದೇಶಕಿ, ಹೊಲ ಮನೆ ನೋಡಿಕೊಂಡಿರುವ ಹೆಂಗಸು, ಸಭೆಯಲ್ಲಿ ಮಾತಾಡುವುದೇ ಅಪರೂಪ.

“ಈಗ ಅರ್ಧ ಗಂಟೆ ಆಗಿಲ್ಲ, ಸೈನಿಕರಿಗೆ ಕೈ ಮುಗಿದು ಬರೆಸಿದ್ರಿ. ಈ ಹುಡುಗ ಅವರಾಗೆ ಒಬ್ಬ ಅಲ್ಲೇನ್ರಿ? ಬಂದಾಗ ಬರ್ತಾನೆ. ಅಲ್ಲೀಗಂಟ ಬಾಗಿಲು ಕಾಯಾಕೆ ದಿನಗೂಲಿ ಮ್ಯಾಲೆ ಯಾರನ್ನಾದ್ರೂ ಇಟ್ಕಳ್ರಿ.”

ಜುಂಜಪ್ಪನವರು ಅಂಗಿಯ ಬಾವುಟವನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ತಿಪ್ಪಕ್ಕ ಹೇಳಿದ್ದು ಸರಿ, ಬರ್ಕಳ್ರಿ ಗಾದ್ರಪ್ಪ ಅಂದರು. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಗಾದ್ರಪ್ಪ ‘ಸರ್ವಾನುಮತದಿಂದ’ ಅಂತ ಬರೆದ. ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು ಅವನಿಗೆ.

ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ನಿಂತು ಮಗಳಿಗೆ ಫೋನು ಮಾಡಿದ. ಆಗಿ ಹೋಯ್ತು ತಾಯಿ ಅಂದ. ಅತ್ತ ಕಡೆ ದುರ್ಗಾಂಬಿಕಾ ಎರಡು ಸಲ ನಿಜವೇನಪ್ಪ ನಿಜವೇನಪ್ಪ ಅಂತ ಕೇಳಿ, ಆಮೇಲೆ ಅತ್ತೆಯನ್ನು ಕೂಗಿದಳು. ಅತ್ತೆ ಮೂಕಮ್ಮ ಹೆಸರಿಗೆ ಮಾತ್ರ ಮೂಕಮ್ಮ, ಆ ಸುದ್ದಿಯನ್ನು ಹತ್ತು ಮನೆಗೆ ಕೇಳಿಸುವ ಹಾಗೆ ಹೇಳಿದಳು. ಸಕ್ಕರೆ ಡಬ್ಬಿ ಹಿಡಿದು ಬೀದಿಯಲ್ಲಿ ಮನೆಮನೆಗೆ ಹಂಚಿದಳಂತೆ. ಗಾದ್ರಪ್ಪ ಅಂದು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡ.

ನಾಲ್ಕು ಗಂಟೆಗೆ ನಡವಳಿಯ ಶುದ್ಧಪ್ರತಿ ಬರೆಯುತ್ತ ಕೂತಿದ್ದಾಗ ಮಗಳ ನಂಬರಿನಿಂದ ಫೋನು ಬಂತು. ಮಾತಾಡಿದ್ದು ಮಗಳಲ್ಲ, ಪಕ್ಕದ ಮನೆಯ ದುರುಗಮ್ಮ. ಪೊಲೀಸಿನವರು ಇಬ್ಬರು ಮನೆಗೆ ಬಂದಿದ್ದಾರೆ, ನೀವು ಕೂಡಲೇ ಹೊರಟು ಬರ್ರಿ ಅಂದಳು. ಏನಾಯಿತು ಅಂತ ಅವನು ಮತ್ತೆ ಮತ್ತೆ ಕೇಳಿದ ಮೇಲೆ ಹೇಳಿದಳು. ಬೆಳಗಿನ ಐದು ಗಂಟೆಗೆ ಅವರಿದ್ದ ಕಾವಲು ಠಾಣೆಯ ಮೇಲೆ ಶೆಲ್ ಬಿದ್ದಿತ್ತು. ತೀರಿಕೊಂಡ ಮೂವರಲ್ಲಿ ಒಬ್ಬ ಪ್ರದೀಪ್.

ಗಾದ್ರಪ್ಪ ಕೂತಲ್ಲೇ ಕೂತ. ಐದು ಗಂಟೆ ಅಂದರೆ ಅವನು ಮನೆಯಲ್ಲಿ ಹಾಲು ಕಾಯಿಸುತ್ತಿದ್ದ ಹೊತ್ತು. ಹನ್ನೆರಡಕ್ಕೆ ಹತ್ತು ನಿಮಿಷಕ್ಕೆ ಮಂಡಳಿ ನೇಮಕ ಮಾಡಿದ್ದು ಹೆಚ್ಚುಕಡಿಮೆ ಏಳು ತಾಸು ಮುಂಚೆಯೇ ಸತ್ತಿದ್ದ ಹುಡುಗನನ್ನು. ಅವನಿಗಾಗಿ ಸಕ್ಕರೆ ಹಂಚಿದ್ದು ಸತ್ತ ಮೇಲೆ. ಎದುರಿಗೆ ಶುದ್ಧಪ್ರತಿಯ ಸಾಲು ಅರ್ಧಕ್ಕೆ ನಿಂತಿತ್ತು. ಏನು ಮಾಡಬೇಕು ಅಂತ ತೋಚದೆ, ಆ ಸಾಲನ್ನು ಪೂರ್ತಿ ಮಾಡಿ, ಪೆನ್ನಿನ ಮುಚ್ಚಳ ಹಾಕಿ, ಆಮೇಲೆ ಅತ್ತ.

ಮರುದಿನ ಯುದ್ಧ ನಿಂತಿತು ಅಂತ ಟಿವಿಯಲ್ಲಿ ಹೇಳಿದರು. ಭಾನುವಾರ ಪ್ರದೀಪ್ ಊರಿಗೆ ಬಂದ. ಜಗಳೂರಿನ ರಸ್ತೆಯ ಎರಡೂ ಕಡೆ ಜನ, ಶಾಲೆಯ ಮಕ್ಕಳು, ಬಾವುಟ. ಆಡಳಿತ ಮಂಡಳಿಯ ಹದಿಮೂರೂ ಜನ ಬಂದಿದ್ದರು. ಜುಂಜಪ್ಪನವರು ಹಾರ ಹಾಕುವಾಗ ಬಿಕ್ಕಿಬಿಕ್ಕಿ ಅತ್ತರು. ಅದು ನಾಟಕದ ಅಳುವಲ್ಲ, ಸುಳ್ಳು ಹೇಳಬಾರದು. ರಂಗನಾಥ್ ಗಾದ್ರಪ್ಪನ ತೋಳು ಹಿಡಿದುಕೊಂಡೇ ನಿಂತಿದ್ದ. ಬಂದೂಕಿನ ಸದ್ದಿಗೆ ಚೈತ್ರಶ್ರೀ ಬೆದರಿ ಅಜ್ಜನ ಪಂಚೆ ಹಿಡಿದಳು. ದುರ್ಗಾಂಬಿಕಾ ಅಳಲಿಲ್ಲ. ಅವಳನ್ನು ನೋಡಲಾರದೆ ಗಾದ್ರಪ್ಪ ತಲೆ ತಗ್ಗಿಸಿಕೊಂಡೇ ಇದ್ದ.

ಜೂನ್ ತಿಂಗಳ ಎರಡನೇ ಶುಕ್ರವಾರ ಮತ್ತೆ ಸಭೆ. ರಜೆ ತೆಗೆದುಕೊಳ್ಳಿ ಅಂತ ಮ್ಯಾನೇಜರು ಹೇಳಿದರೂ ಗಾದ್ರಪ್ಪ ಬಂದ. ಮನೆಯಲ್ಲಿ ಕೂತು ಮಾಡುವುದೇನು? ಸಂತಾಪ ಸೂಚಿಸಿ ಎಲ್ಲರೂ ಎರಡು ನಿಮಿಷ ಎದ್ದು ನಿಂತರು. ಅದಾದ ಮೇಲೆ, ಪದ್ಧತಿ ನೋಡಿ, ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸಬೇಕು. ಓದುವವನು ಗಾದ್ರಪ್ಪನೇ. ‘ಶ್ರೀ ಪ್ರದೀಪ್ ಅವರನ್ನು ಹೊನ್ನಾಳಿ ಶಾಖೆಯ ಕಾವಲುಗಾರ ಹುದ್ದೆಗೆ ನೇಮಿಸಲು ಸರ್ವಾನುಮತದಿಂದ’ ಎಂಬಲ್ಲಿಗೆ ಬಂದಾಗ ಅವನು ನಿಲ್ಲಲಿಲ್ಲ, ಓದಿಬಿಟ್ಟ. ದೃಢೀಕರಿಸಲಾಯಿತು ಅಂತ ಯಾರೂ ಹೇಳಲಿಲ್ಲ. ಗಾದ್ರಪ್ಪ ತಾನೇ ಬರೆದುಕೊಂಡ.

ಅಂದಿನ ಪಟ್ಟಿಯಲ್ಲಿ ದೃಢೀಕರಣಕ್ಕೆ ಸಂಖ್ಯೆ ಹಾಕಿಸದೆ, ಒಂದನೇ ವಿಷಯವಾಗಿ ಅಧ್ಯಕ್ಷರು ಹೊಸತೊಂದನ್ನು ಹಾಕಿಸಿದ್ದರು. ಪಟ್ಟಿಗೆ ಹಾಕುವಾಗ ಗಾದ್ರಪ್ಪ ಬೇಡ ಸಾರ್ ಅಂದಿದ್ದ, ಅವರು ಕೇಳಿರಲಿಲ್ಲ. ಪ್ರದೀಪ್ ನಮ್ಮ ಬ್ಯಾಂಕಿನ ನೌಕರನಾಗಿ ತೀರಿಕೊಂಡಿದ್ದಾನೆ, ಆದ್ದರಿಂದ ಅವನ ಹೆಂಡತಿಗೆ ಅನುಕಂಪದ ಮೇಲೆ ಜಗಳೂರು ಶಾಖೆಯಲ್ಲಿ ಕೆಲಸ ಕೊಡಬೇಕು ಎಂಬುದು. ಮ್ಯಾನೇಜರು ಬಹಳ ಸಂಕೋಚದಿಂದ ಕೈ ಎತ್ತಿದರು. ನೇಮಕವಾದದ್ದು ಹನ್ನೆರಡು ಗಂಟೆಯ ಹೊತ್ತಿಗೆ, ಅವರು ತೀರಿಕೊಂಡದ್ದು ಬೆಳಗಿನ ಐದಕ್ಕೆ, ನಿಯಮದ ಪ್ರಕಾರ ಅವರು ನಮ್ಮ ನೌಕರರಾಗಿರಲೇ ಇಲ್ಲ, ನಾಳೆ ಲೆಕ್ಕಪರಿಶೋಧನೆಯವರು ಕೇಳಿದರೆ ನಾನೇನು ಹೇಳಲಿ ಅಂದರು. ಒಬ್ಬ ಮನುಷ್ಯನ ಸಾವು ಠರಾವಿಗೆ ಮುಂಚೆಯೋ ಆಮೇಲೋ ಅಂತ ವಿಚಾರ ಮಾಡುವ ಗತಿ ಯಾರಿಗೂ ಬರಬಾರದು. ಗಾದ್ರಪ್ಪ ಎಲ್ಲವನ್ನೂ ತಲೆ ತಗ್ಗಿಸಿ ಬರೆಯುತ್ತಲೇ ಇದ್ದ.

“ನಡವಳಿಯಾಗೆ ಗಂಟೆ ಬರೆದಿಲ್ರಿ, ತಾರೀಕು ಐತೆ,” ಅಂದರು ಜುಂಜಪ್ಪನವರು. “ತಾರೀಕು ಒಂದೇ. ಕೇಳಿದೋರಿಗೆ ನಾ ಹೇಳ್ತೀನಿ.”

ಮುಗಿಯಿತು. ಎಲ್ಲಾ ಸೇರಿ ಹತ್ತು ನಿಮಿಷ ಹಿಡಿಯಿತು. ಅಂದು ಊಟದ ಮೇಲೂ ಒಬ್ಬರೂ ಏಳಲಿಲ್ಲ. ಜಗಳೂರಿನವರಿಗೆ ಅಧ್ಯಕ್ಷರು ಕಾರು ಮಾಡಿಸಿದ್ದರು. ನಾಲ್ಕು ಗಂಟೆಗೆ ಹದಿನಾಲ್ಕನೇ ವಿಷಯವೂ ಅಂಗೀಕಾರವಾಯಿತು. ಹೀಗೂ ಮಾಡಬಹುದಿತ್ತು ಅಂತ ಗಾದ್ರಪ್ಪನಿಗೆ ಅಂದು ಗೊತ್ತಾಯಿತು. ಆದರೆ ಅವನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ ಅಂತ ಗೊತ್ತಿದ್ದೂ ಕೊನೆಗೆ ಬರೆದ ಕೈ ತನ್ನದು.

ಭಾನುವಾರ ಆದೇಶದ ಕಾಗದ ಹಿಡಿದು ಜಗಳೂರಿಗೆ ಹೋದ. ದಾರಿಯುದ್ದಕ್ಕೂ ಅವನಿಗೆ ಒಂದೇ ಯೋಚನೆ. ಇವತ್ತು ಮಗಳಿಗೆ ಹೇಳಿಬಿಡಬೇಕು. ಬೈಯಲಿ, ಹೊಡೆಯಲಿ, ಕಾಲಿಗೆ ಬಿದ್ದಾದರೂ ಸರಿ, ಅವಳು ಆಗಲಿ ಬಿಡಪ್ಪ ಅಂದರೆ ಸಾಕು. ಆ ಒಂದು ಮಾತಿಲ್ಲದೆ ಇನ್ನು ಬದುಕಿರಲು ತನ್ನ ಕೈಲಾಗದು ಅನ್ನಿಸಿತ್ತು. ಮನೆ ಮುಂದಿನ ಚಪ್ಪರದ ಕೆಳಗೆ ಚಾಪೆ ಹಾಕಿ ದುರ್ಗಾಂಬಿಕಾ ಕೂರಿಸಿದಳು. ಮೂಕಮ್ಮ ಒಳಗೆ ಮೊಮ್ಮಗಳಿಗೆ ತಲೆ ಬಾಚುತ್ತಿದ್ದಳು. ಆ ಮನೆಯಲ್ಲಿ ಈಗ ದನಿ ಎತ್ತಿ ಮಾತಾಡುವವರು ಯಾರೂ ಇರಲಿಲ್ಲ.

ದುರ್ಗಾಂಬಿಕಾ ಕಾಗದ ಬಿಡಿಸಿ ಓದಿದಳು. ತಿಂಗಳಲ್ಲಿ ಅರ್ಧ ಆಳಾಗಿದ್ದಳು. ಮೇಲಿನ ಸಾಲಿನಲ್ಲಿ ಸಭೆಯ ತಾರೀಕು, ಅದರ ಪಕ್ಕ ವಿಷಯ ಸಂಖ್ಯೆ ಒಂದು ಅಂತ ಇತ್ತು. ಅವಳು ಅದರ ಮೇಲೆ ಬೆರಳಿಟ್ಟು, ಒಂದನೇದು ಅಂತ ಮೆಲ್ಲಗೆ ಓದಿಕೊಂಡಳು. ಗಾದ್ರಪ್ಪನಿಗೆ ಅಷ್ಟೇ ಸಾಕಾಯಿತು. ನವೆಂಬರಿನಿಂದ ಅವನ ಹೆಸರನ್ನು ಹದಿನಾಲ್ಕನೇದಾಗಿ ಹಾಕಿದ್ದು ನಾನೇ ತಾಯಿ, ಬೋರ್ಡಿನವರಲ್ಲ, ಯಾರೂ ಹಾಕು ಅಂದಿರಲಿಲ್ಲ, ಜನ ಏನಂದಾರು ಅಂತ ನಾನೇ ಹಾಕಿದೆ, ಜನವರಿಯಲ್ಲಿ ಮೇಲೆ ಜಾಗವಿತ್ತು, ಬರೆಯಲಿಲ್ಲ. ಒಂದೇ ಉಸಿರಿಗೆ ಹೇಳಿ ಮಗಳ ಕೈ ಹಿಡಿದುಕೊಂಡು ಕೂತ.

ಅವಳು ಬೆಚ್ಚಲಿಲ್ಲ. ಕೈಯನ್ನೂ ಬಿಡಿಸಿಕೊಳ್ಳಲಿಲ್ಲ.

“ಗೊತ್ತಿತ್ತಪ್ಪ,” ಅಂದಳು. “ಡಿಸೆಂಬರ್‌ನಾಗೆ ರಜಕ್ಕೆ ಬಂದಾಗ್ಲೇ ಅವ್ರು ಹೇಳಿದ್ರು. ಮಾವಾರು ನನ್ನ ಹೆಸರು ಕೊನೇಗೇ ಹಾಕಿರ್ತಾರೆ, ಅವ್ರ ಸ್ವಭಾವ ನಂಗೊತ್ತು, ನೀ ಕೇಳಾಕೆ ಹೋಗಬ್ಯಾಡ, ಮನಸ್ಸಿಗೆ ಬೇಜಾರು ಮಾಡ್ಕಂತಾರೆ ಅಂತ.”

ಎದ್ದು ನಿಲ್ಲುತ್ತಿದ್ದ ಆ ಹುಡುಗ ಎಲ್ಲವನ್ನೂ ತಿಳಿದೇ ಸಮಾಧಾನ ಹೇಳಿದ್ದ. ದುರ್ಗಾಂಬಿಕಾಳ ಕಣ್ಣಿನಿಂದ ಈಗ ನೀರು ಇಳಿಯತೊಡಗಿತು, ಹೆಣ ಬಂದ ದಿನವೂ ಇಳಿಯದಿದ್ದ ನೀರು. ಅವಳು ತಂದೆಯ ಕೈಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

“ಎಷ್ಟು ಸಲ ಫೋನು ಕೈಯಾಗೆ ಹಿಡಿದಿದ್ದೆ ಅಪ್ಪ. ಮೇಲಕ್ಕೆ ಹಾಕು ಅಂತ ಒಂದು ಮಾತು ಕೇಳಾಕೆ. ಕೇಳ್ಲಿಲ್ಲ. ದಿನಾ ಅದೇ ಯೋಚನೆ ನಂಗೆ, ನಿದ್ದೆ ಇಲ್ಲ. ನಾ ಕೇಳಿದ್ರೆ ನೀ ಹಾಕ್ತಿದ್ದೆ ಅಲ್ಲೇನಪ್ಪ?”

ಗಾದ್ರಪ್ಪ ಮಗಳ ಮುಖ ನೋಡಿದ. ಹಾಕುತ್ತಿದ್ದ. ಅವಳು ಒಂದೇ ಒಂದು ಸಲ ಕೇಳಿದ್ದರೆ ಜನವರಿಯ ಪಟ್ಟಿಯಲ್ಲೇ ಮೇಲಕ್ಕೆ ಹಾಕುತ್ತಿದ್ದ. ತಾಯಿಯಿಲ್ಲದ ಮಗಳ ಮಾತನ್ನು ಅವನು ಯಾವತ್ತು ತೆಗೆದುಹಾಕಿದ್ದ? ಹೌದು ಅಂದರೆ ಅವಳು ಅಪ್ಪನನ್ನು ಕ್ಷಮಿಸುತ್ತಾಳೆ, ತನ್ನನ್ನು ತಾನು ಸಾಯುವವರೆಗೂ ಕ್ಷಮಿಸುವುದಿಲ್ಲ. ಮೂವತ್ತೊಂದು ವರ್ಷ ಅವಳಿಗೆ. ಮುಂದೆ ಇನ್ನೆಷ್ಟು ವರ್ಷ ಅವಳು ಈ ಪ್ರಶ್ನೆ ಹೊತ್ತು ಬದುಕಬೇಕು? ಇಪ್ಪತ್ತೊಂಬತ್ತು ವರ್ಷ ಒಂದೂ ಸುಳ್ಳು ಸಾಲು ಬರೆಯದವನು ಈಗ ಬಾಯಿಬಿಟ್ಟ.

“ಇಲ್ಲ,” ಅಂದ. “ನೀ ಕೇಳಿದ್ರೂ ಹಾಕ್ತಿರಲಿಲ್ಲ ನಾನು. ನಂಗೆ ನನ್ನ ಮರ್ಯಾದೆನೇ ದೊಡ್ಡದಾಗಿತ್ತು.”

ಅವಳು ಅವನನ್ನೇ ನೋಡಿದಳು. ಸುಳ್ಳಿನ ಅಭ್ಯಾಸವಿಲ್ಲದ ಮುಖ, ಆದರೂ ಅವನು ಕಣ್ಣು ತಗ್ಗಿಸಲಿಲ್ಲ. ಅವಳು ನಂಬಿದಳು. ಹಿಡಿದಿದ್ದ ಕೈ ಮೆಲ್ಲಗೆ ಸಡಿಲಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು, ಕಾಗದ ಮಡಚಿ, ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮೂಕಮ್ಮ ತಟ್ಟೆ ತಂದು ಅವನ ಮುಂದಿಟ್ಟು, ನೀವು ಉಣ್ಣಿರಿ ಬೀಗರೆ, ಅವಳು ಆಚೆ ಬರಲ್ಲವಂತೆ ಅಂದಳು.